ಮುರಿದ ಕಾಲೂ ಮೂರು ಬಗೆಯ ಪಂದ್ಯವೂ

ಗಾಯಪಟ್ಟವನು ಎರಡು ಸಾರಿ ಪರೀಕ್ಷಿಸಲ್ಪಡುತ್ತಾನೆ. ಮೊದಲನೆಯ ಪರೀಕ್ಷೆ ಅವನು ಬಿದ್ದ ದಿನದಲ್ಲಿ ಬರುವದು. ಆಗ ನೋವೇ ಅವನನ್ನು ಹಿಡಿದು ಮಲಗಿಸುವದರಿಂದ ತಪ್ಪು ಹೆಜ್ಜೆಯಿಡುವದಕ್ಕೆ ಎಡೆ ಕಡಿಮೆ. ಎರಡನೆಯ ಪರೀಕ್ಷೆ ನೋವು ಹೋದ ದಿನದಲ್ಲಿ ಬರುವದು. ಆಗ ಅವನನ್ನು ತಡೆಯುವವರು ಯಾರೂ ಇಲ್ಲ. ಕಾಲು ನೆಟ್ಟಗೆ ನಿಂತಿತು, ಇನ್ನೇನು ಅಡ್ಡಿ ಎಂದು ಅವನು ಎದ್ದು ಓಡುತ್ತಾನೆ. ಅನೇಕರು ತಿರುಗಿ ಕೆಡುವದು ಈ ಎರಡನೆಯ ದಿನದಲ್ಲಿಯೇ.

ಪ್ರಿಯ ವಾಚಕರೇ, ಗಾಯದಿಂದ ಎದ್ದವನು ಪಂದ್ಯಕ್ಕೆ ಹೇಗೆ ಮರಳತಕ್ಕದ್ದೆಂಬದನ್ನು ಈ ಪಾಠದಲ್ಲಿ ವಿಚಾರಿಸುವೆವು. ಇದಕ್ಕೆ ದೃಷ್ಟಾಂತವಾಗಿ ಟ್ರಯಥ್ಲಾನ್ ಎಂಬ ಪಂದ್ಯವನ್ನು ಆರಿಸಿಕೊಂಡಿದ್ದೇವೆ. ಯಾಕಂದರೆ ಅದರಲ್ಲಿ ಈಜು, ಸೈಕಲ್ ಸವಾರಿ, ಓಟ ಎಂಬ ಮೂರು ಕೆಲಸಗಳುಂಟು. ಒಂದು ಅಂಗವು ವಿಶ್ರಮಿಸುವಾಗ ಮತ್ತೊಂದು ಹೇಗೆ ದುಡಿಯುತ್ತದೆಂಬದೂ, ಆ ದುಡಿಮೆಯಿಂದಲೇ ಮನುಷ್ಯನು ಹೇಗೆ ಮೋಸಹೋಗುತ್ತಾನೆಂಬದೂ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

೧. ಈ ಪಂದ್ಯ ಎಂಥದು?

ದೇವರಗುಡ್ಡದ ಸ್ಟೇಶನ್ನಿನ ಮೇಲೆ ಹಾದುಹೋಗುವ ರೈಲುದಾರಿಯು ಹುಬ್ಬಳ್ಳಿಯಲ್ಲಿ ಮುಖ್ಯ ಕಚೇರಿಯುಳ್ಳ ನೈಋತ್ಯ ರೈಲ್ವೆಗೆ ಸೇರಿದ್ದು. ಆ ರೈಲ್ವೆಯ ಲೆಕ್ಕಪತ್ರ ಶಾಖೆಯಲ್ಲಿ ಅಧಿಕಾರಿಗಳಾಗಿದ್ದ ಶ್ರೇಯಸ್ ಹೊಸೂರ ಎಂಬವರು ೨೦೨೨ನೆಯ ಇಸವಿಯ ಜೂನ್ ತಿಂಗಳಲ್ಲಿ ಜರ್ಮನಿ ದೇಶದ ಹ್ಯಾಂಬುರ್ಗ್ ಪಟ್ಟಣದಲ್ಲಿ ಐರನ್‌ಮ್ಯಾನ್ ಎಂಬ ದೀರ್ಘ ಟ್ರಯಥ್ಲಾನನ್ನು ೧೩ ಗಂಟೆ ೨೬ ನಿಮಿಷಗಳಲ್ಲಿ ಮುಗಿಸಿದರು. ಮೊದಲು ೩.೮ ಕಿಲೋಮೀಟರ್ ಈಜಬೇಕು. ನೀರಿನಿಂದೆದ್ದ ಕೂಡಲೆ ೧೮೦ ಕಿಲೋಮೀಟರ್ ಸೈಕಲ್ ತುಳಿಯಬೇಕು. ಸೈಕಲಿನಿಂದಿಳಿದ ಕೂಡಲೆ ೪೨.೨ ಕಿಲೋಮೀಟರ್ ಓಡಬೇಕು. ನೂರೆಂಬತ್ತು ಕಿಲೋಮೀಟರೆಂದರೆ ಹಾವೇರಿಯಿಂದ ಹುಬ್ಬಳ್ಳಿಗೆ ಹೋಗಿ ತಿರುಗಿ ಬಂದರೂ ಮುಗಿಯದಷ್ಟು ದಾರಿ.

ಎಲ್ಲಾ ಟ್ರಯಥ್ಲಾನುಗಳು ಇಷ್ಟು ಉದ್ದವಾಗಿರುವದಿಲ್ಲ. ಈ ಹೆಸರಿನ ಮೊದಲನೆಯ ಪಂದ್ಯವು ೧೯೭೪ನೆಯ ಇಸವಿಯ ಸೆಪ್ಟೆಂಬರ್ ೨೫ರಂದು ಅಮೇರಿಕದ ಸ್ಯಾನ್ ಡಿಯೇಗೋ ಪಟ್ಟಣದಲ್ಲಿ ನಡೆಯಿತು. ದೀರ್ಘ ಪಂದ್ಯವು ೧೯೭೮ರ ಫೆಬ್ರವರಿಯಲ್ಲಿ ಹವಾಯಿ ದ್ವೀಪಗಳಲ್ಲಿ ಆರಂಭವಾಯಿತು; ಅಂದು ಹೊರಟವರು ೧೫ ಮಂದಿ, ಮುಗಿಸಿದವರು ೧೨ ಮಂದಿ. ೨೦೦೦ದಲ್ಲಿ ಸಿಡ್ನಿಯ ಒಲಿಂಪಿಕ್ ಕ್ರೀಡೆಗಳಲ್ಲಿ ಇದಕ್ಕೆ ಸ್ಥಾನ ದೊರೆಯಿತು. ಒಲಿಂಪಿಕ್ ಅಳತೆ ಚಿಕ್ಕದು: ಈಜು ೧.೫, ಸೈಕಲ್ ೪೦, ಓಟ ೧೦ ಕಿಲೋಮೀಟರ್. ಅದರ ಅರ್ಧದಷ್ಟು ದೂರದ ಪಂದ್ಯಗಳೂ ಉಂಟು. ನಮಗೆ ಸಮೀಪದ ಗೋವೆಯ ಪಣಜಿಯಲ್ಲಿ ೨೦೧೯ರ ಅಕ್ಟೋಬರದಲ್ಲಿ ಐರನ್‌ಮ್ಯಾನ್ ಪಂದ್ಯದ ಅರ್ಧ ಅಳತೆಯದು, ಅಂದರೆ ೧.೯, ೯೦ ಮತ್ತು ೨೧.೧ ಕಿಲೋಮೀಟರುಗಳ ಪಂದ್ಯವು ಮೊದಲನೆಯ ಸಾರಿ ನಡೆಯಿತು.

ಇದು ಗಂಡಸರದು ಮಾತ್ರವೆಂದು ಯಾರೂ ತಿಳಿಯಬಾರದು. ಬೆಂಗಳೂರಿನಲ್ಲಿ ವಾಸವಾಗಿದ್ದ ಅನು ವೈದ್ಯನಾಥನ್ ಎಂಬ ವಿದ್ಯಾವಂತ ಸ್ತ್ರೀಯು ೨೦೦೯ರಲ್ಲಿ ಕೆನಡಾ ದೇಶದಲ್ಲಿ ಮೂರು ದಿನಗಳ ಅಲ್ಟ್ರಾಮ್ಯಾನ್ ಪಂದ್ಯವನ್ನು ಮುಗಿಸಿದರು. ಅದರಲ್ಲಿ ೧೦ ಕಿಲೋಮೀಟರ್ ಈಜು, ಸುಮಾರು ೪೨೦ ಕಿಲೋಮೀಟರ್ ಸೈಕಲ್, ೮೪ ಕಿಲೋಮೀಟರ್ ಓಟ.

೨. ಗಾಯವು ಹೇಗೆ ವಾಸಿಯಾಗುತ್ತದೆ?

ಎಲುಬು ಮುರಿದ ಸ್ಥಳದಲ್ಲಿ ಮೊದಲು ರಕ್ತವು ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರಗಳಲ್ಲಿ ಅಲ್ಲಿ ಮೆತ್ತನೆಯ ಗಂಟು ಕಟ್ಟುತ್ತದೆ. ಮುಂದಿನ ವಾರಗಳಲ್ಲಿ ಅದು ಗಟ್ಟಿಯಾದ ಎಲುಬಾಗುತ್ತದೆ. ಅದರ ತರುವಾಯವೂ ದೇಹವು ತಿಂಗಳುಗಟ್ಟಲೆ, ಕೆಲವರಲ್ಲಿ ವರುಷಗಟ್ಟಲೆ, ಆ ಗಂಟನ್ನು ತಿದ್ದಿ ಮೊದಲಿನ ಆಕಾರಕ್ಕೆ ತರುತ್ತದೆ. ಮೊಣಕಾಲಿನ ಕೆಳಗಿನ ದೊಡ್ಡ ಎಲುಬು ಮುರಿದರೆ ಪ್ರಾಯಸ್ಥನಿಗೆ ನಾಲ್ಕು ತಿಂಗಳಾದರೂ ಬೇಕಾಗುವದು ವಾಡಿಕೆ. ನಮ್ಮ ಜನರು ನರವೆಂದೂ ವೈದ್ಯರು ಸ್ನಾಯುರಜ್ಜುವೆಂದೂ ಕರೆಯುವ, ಮಾಂಸವನ್ನು ಎಲುಬಿಗೆ ಕಟ್ಟಿರುವ ಹುರಿಯು ಹರಿದರೆ ಇನ್ನೂ ನಿಧಾನ. ಯಾಕಂದರೆ ಅದಕ್ಕೆ ಹರಿದು ಬರುವ ರಕ್ತವು ಕಡಿಮೆ.

ಇದರಿಂದ ತಿಳಿಯತಕ್ಕದ್ದೇನಂದರೆ, ನೋವು ನಿಲ್ಲುವದು ಬೇರೆ, ಬಲ ಬರುವದು ಬೇರೆ. ಹೊಸದಾಗಿ ಕಟ್ಟಿದ ಮಣ್ಣಿನ ಗೋಡೆ ನೆಟ್ಟಗೆ ನಿಂತಿದೆ ಎಂದ ಮಾತ್ರಕ್ಕೆ ಅದರ ಮೇಲೆ ಆ ದಿನವೇ ತೊಲೆಗಳನ್ನು ಹೇರುವರೋ? ಆದರೆ ಭಾರವನ್ನು ಎಂದಿಗೂ ಹೇರದೆ ಇರುವದೂ ಸರಿಯಲ್ಲ. ಹಾಸಿಗೆಯಲ್ಲಿಯೇ ಇದ್ದ ಕಾಲಿನ ಮಾಂಸವು ಕೆಲವು ವಾರಗಳಲ್ಲಿ ಕಣ್ಣಿಗೆ ಕಾಣುವಷ್ಟು ಬಡವಾಗುತ್ತದೆ. ಎಲುಬೂ ತನ್ನ ಗಟ್ಟಿತನವನ್ನು ಕಳಕೊಳ್ಳುತ್ತದೆ. ಬೇಸಿಗೆಯೆಲ್ಲಾ ಕೊಟ್ಟಿಗೆಯಲ್ಲಿ ಕಟ್ಟಿದ್ದ ಎತ್ತನ್ನು ಮೊದಲ ಮಳೆ ಬಿದ್ದ ದಿನವೇ ಹೊತ್ತು ಮುಳುಗುವ ತನಕ ಹೂಡುವ ರೈತನುಂಟೋ? ಒಂದೆರಡು ತಾಸು ಹೂಡಿ ಬಿಡುತ್ತಾನೆ. ಹೆಗಲು ಪಳಗಿದ ಮೇಲೆ ಹೊತ್ತನ್ನು ಹೆಚ್ಚಿಸುತ್ತಾನೆ. ಎತ್ತಿಗೆ ತೋರಿಸುವ ಈ ವಿವೇಕವನ್ನು ಮನುಷ್ಯನು ತನ್ನ ಕಾಲಿಗೂ ತೋರಿಸತಕ್ಕದ್ದು.

೩. ಉಸಿರು ಮುಂದೆ, ಎಲುಬು ಹಿಂದೆ

ದೇವರಗುಡ್ಡವನ್ನು ಕಾಲ್ನಡೆಯಾಗಿ ಏರಿ ಇಳಿದವರು ಒಂದು ಸಂಗತಿಯನ್ನು ಬಲ್ಲರು. ಏರುವಾಗ ಉಸಿರು ದೂರು ಹೇಳುತ್ತದೆ. ಇಳಿಯುವಾಗ ಮೊಣಕಾಲು ದೂರು ಹೇಳುತ್ತದೆ. ಏರುವವನು ಅಲ್ಲಲ್ಲಿ ನಿಂತು ದಣಿವಾರಿಸಿಕೊಳ್ಳುತ್ತಾನೆ. ಇಳಿಯುವವನಿಗೆ ಉಸಿರು ಹಗುರವಾಗಿರುವದರಿಂದ ಅವನು ದಡದಡನೆ ಇಳಿದುಬಿಡುತ್ತಾನೆ, ಮರುದಿನ ತೊಡೆ ಹಿಡಿದುಕೊಂಡು ಏಳಲಾರನು. ಇಳಿಯುವಾಗ ತೊಡೆಯ ಮಾಂಸವು ಒಂದು ಕಡೆಗೆ ಹಿಗ್ಗುತ್ತಾ ಇನ್ನೊಂದು ಕಡೆಗೆ ದೇಹದ ಭಾರವನ್ನು ತಡೆದು ಹಿಡಿಯಬೇಕಾಗುವದೇ ಇದಕ್ಕೆ ಕಾರಣ. ಉಸಿರಿನ ಸಾಕ್ಷಿಯೂ ಕಾಲಿನ ಸಾಕ್ಷಿಯೂ ಒಂದೇ ಅಲ್ಲವೆಂದು ಇದರಿಂದ ಕಲಿಯುತ್ತೇವೆ.

ಟ್ರಯಥ್ಲಾನಿನವನಿಗೆ ಇರುವ ದೊಡ್ಡ ಅಪಾಯವು ಇದೇ. ಅವನ ಕಾಲಿಗೆ ಗಾಯವಾದರೂ ವೈದ್ಯನ ಅಪ್ಪಣೆಯ ಮೇರೆಗೆ ಅವನು ಈಜಬಹುದು. ಸ್ವಲ್ಪ ಕಾಲದ ತರುವಾಯ ಸೈಕಲನ್ನೂ ತುಳಿಯಬಹುದು. ಎದೆಮಟ್ಟದ ನೀರಿನಲ್ಲಿ ನಿಂತವನ ಕಾಲಿನ ಮೇಲೆ ದೇಹದ ಭಾರದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಬೀಳುತ್ತದೆ. ಸೈಕಲಿನ ಮೇಲೆ ಕೂತವನ ಭಾರವನ್ನು ಹೆಚ್ಚಾಗಿ ಆಸನವೇ ಹೊರುತ್ತದೆ. ಹೀಗೆ ಅವನ ಹೃದಯವೂ ಶ್ವಾಸಕೋಶಗಳೂ ಗಾಯದ ತಿಂಗಳುಗಳಲ್ಲಿಯೂ ಬಲವುಳ್ಳವುಗಳಾಗಿ ಉಳಿಯುತ್ತವೆ. ಇದು ದೊಡ್ಡ ಲಾಭವೇ. ಆದರೆ ಓಟವು ಬೇರೆ ಲೆಕ್ಕ. ಓಡುವವನ ಪ್ರತಿಯೊಂದು ಹೆಜ್ಜೆಯಲ್ಲಿ ಅವನ ಭಾರದ ಎರಡು ಮೂರು ಪಟ್ಟು ಒಂದೇ ಕಾಲಿನ ಮೇಲೆ ಬೀಳುತ್ತದೆ. ಅರುವತ್ತು ಕಿಲೋ ತೂಕದವನು ೧೦ ಕಿಲೋಮೀಟರ್ ಓಡಿದರೆ, ಗಾಯದ ಕಾಲು ಸುಮಾರು ಐದು ಸಾವಿರ ಸಾರಿ, ಸಾರಿಗೆ ೧೨೦ರಿಂದ ೧೮೦ ಕಿಲೋ ಭಾರವನ್ನು ಹೊರಬೇಕು. ಉಸಿರು ಹಗುರವಾಗಿರುವ ಮನುಷ್ಯನು ತನಗೆ ಸಂಪೂರ್ಣ ಸ್ವಸ್ಥತೆ ಬಂತೆಂದು ನಂಬಿ ಮೊದಲನೆಯ ದಿನವೇ ಮೊದಲಿನ ವೇಗದಲ್ಲಿ ಓಡುತ್ತಾನೆ. ಬಲವಾದ ಉಸಿರು ಬಲಹೀನವಾದ ಎಲುಬನ್ನು ಎಳಕೊಂಡು ಹೋಗಿ ಮುರಿಯುತ್ತದೆ.

೪. ಮೂವರ ದೃಷ್ಟಾಂತ

ಇಂಗ್ಲೆಂಡಿನ ಅಲಿಸ್ಟರ್ ಬ್ರೌನ್ಲೀ ಎಂಬವರಿಗೆ ೨೦೧೨ರ ಆರಂಭದಲ್ಲಿ ಹಿಮ್ಮಡಿಯ ದಪ್ಪ ನರವು ಹರಿಯಿತು. ಆ ಬೇಸಿಗೆಯಲ್ಲಿಯೇ ಅವರ ಸ್ವಂತ ದೇಶದಲ್ಲಿ ಒಲಿಂಪಿಕ್ ಕ್ರೀಡೆಗಳು. ಅವರು ತಿಂಗಳುಗಳ ಕಾಲ ಯಾವ ದೊಡ್ಡ ಟ್ರಯಥ್ಲಾನಿಗೂ ಇಳಿಯಲಿಲ್ಲ. ಜೂನ್ ತಿಂಗಳಲ್ಲಿ ಆಸ್ಟ್ರಿಯಾ ದೇಶದ ಕಿಟ್ಸ್‌ಬ್ಯೂಲಿನಲ್ಲಿ ತಿರುಗಿ ಇಳಿದು ಗೆದ್ದರು. ಆಗಸ್ಟ್ ೭ರಂದು ಲಂಡನ್ನಿನಲ್ಲಿ ೧ ಗಂಟೆ ೪೬ ನಿಮಿಷ ೨೫ ಸೆಕೆಂಡುಗಳಲ್ಲಿ ಬಂಗಾರದ ಪದಕವನ್ನು ಪಡೆದರು.

ಅದೇ ದೇಶದ ಅಲೆಕ್ಸ್ ಯೀ ಎಂಬವರು ೨೦೧೭ರಲ್ಲಿ ಇಟಲಿಯ ಕಾಲ್ಯಾರಿಯಲ್ಲಿ ಪಂದ್ಯದ ನಡುವೆ ಸೈಕಲಿನಿಂದ ಬಿದ್ದರು. ಬೆನ್ನೆಲುಬಿನ ಮಣಿಗಳೂ ಪಕ್ಕೆಲುಬುಗಳೂ ಮುರಿದವು. ಒಂದು ಶ್ವಾಸಕೋಶವು ಕುಸಿಯಿತು. ಆಗ ಅವರಿಗೆ ೧೯ ವರುಷ. ಮರುವರುಷ ಅವರು ತಮ್ಮ ದೇಶದ ೧೦,೦೦೦ ಮೀಟರ್ ಓಟದಲ್ಲಿ ಗೆದ್ದರು. ೨೦೨೧ರಲ್ಲಿ ಟೋಕಿಯೋ ಒಲಿಂಪಿಕ್ಕಿನಲ್ಲಿ ಬೆಳ್ಳಿಯ ಪದಕವೂ, ಕೂಡಿ ಓಡುವ ಪಂದ್ಯದಲ್ಲಿ ಬಂಗಾರದ ಪದಕವೂ ದೊರೆತವು. ೨೦೨೪ರ ಜುಲೈ ೩೧ರಂದು ಪ್ಯಾರಿಸ್ಸಿನಲ್ಲಿ ಕೊನೆಯ ಕೆಲವು ನೂರು ಮೀಟರುಗಳಲ್ಲಿ ಮುಂದಿನವರನ್ನು ಹಿಂದೆ ಹಾಕಿ ಒಬ್ಬರೇ ಓಡುವ ಪಂದ್ಯದ ಬಂಗಾರವನ್ನೂ ಪಡೆದರು. ಬಿದ್ದ ದಿನಕ್ಕೂ ಈ ದಿನಕ್ಕೂ ನಡುವೆ ಏಳು ವರುಷಗಳು.

ಟಿಮ್ ಡಾನ್ ಎಂಬವರದು ಮೂರನೆಯ ದೃಷ್ಟಾಂತ. ೨೦೧೭ರ ಅಕ್ಟೋಬರದಲ್ಲಿ ಹವಾಯಿಯ ಪಂದ್ಯಕ್ಕೆ ಕೆಲವೇ ದಿನಗಳಿರುವಾಗ, ಸೈಕಲಿನ ಮೇಲಿದ್ದ ಅವರಿಗೆ ಮೋಟಾರು ವಾಹನವು ಬಡಿದು ಕುತ್ತಿಗೆಯ ಎರಡನೆಯ ಮಣಿಯು ಮುರಿಯಿತು. ಶಸ್ತ್ರಕ್ರಿಯೆಯಿಂದ ಮಣಿಗಳನ್ನು ಬೆಸೆದರೆ ಕುತ್ತಿಗೆಯು ಮೊದಲಿನಂತೆ ತಿರುಗದು. ಆದಕಾರಣ ಅವರು ತಲೆಬುರುಡೆಗೆ ತಿರುಪುಗಳಿಂದ ಬಿಗಿದ ಲೋಹದ ಬಳೆಯನ್ನು ಮೂರು ತಿಂಗಳು ಧರಿಸಿಕೊಂಡಿರುವದಕ್ಕೆ ಒಪ್ಪಿದರು. ೨೦೧೮ರ ಏಪ್ರಿಲದಲ್ಲಿ ಬಾಸ್ಟನ್ ಪಟ್ಟಣದ ೪೨.೨ ಕಿಲೋಮೀಟರ್ ಓಟವನ್ನು ೨ ಗಂಟೆ ೫೦ ನಿಮಿಷಗಳೊಳಗೆ ಮುಗಿಸಿದರು.

ಈ ಮೂವರು ಗೆದ್ದರೆಂಬದನ್ನು ಮಾತ್ರ ನೋಡಿದರೆ ಪಾಠವು ಅರ್ಧವಾಗುವದು. ಅವರ ಹಿಂದೆ ವೈದ್ಯರೂ ಅಂಗಮರ್ದನ ಬಲ್ಲವರೂ ತರಬೇತಿಗಾರರೂ ದಿನವೂ ಇದ್ದರು. ನಮಗೆ ಅಷ್ಟು ಸಹಾಯವಿಲ್ಲ. ಆದಕಾರಣ ನಾವು ಅವರಿಗಿಂತ ಬೇಗನೆ ಅಲ್ಲ, ಅವರಿಗಿಂತ ನಿಧಾನವಾಗಿ ಮರಳತಕ್ಕದ್ದು.

೫. ತಿರುಗಿ ಆರಂಭಿಸುವ ಕ್ರಮ

ಮೊದಲನೆಯದು: ಯಾವ ಅಂಗಕ್ಕೆ ಗಾಯವಾಗಿದೆಯೋ ಅದನ್ನು ನೋಡಿ ಕೆಲಸವನ್ನು ಆರಿಸಬೇಕು. ಕಾಲು ಕೆಟ್ಟವನಿಗೆ ಈಜು ಮೊದಲು, ಸೈಕಲ್ ತರುವಾಯ, ಓಟ ಕಡೆಗೆ. ಸೈಕಲಿನಿಂದ ಬಿದ್ದು ಹೆಗಲೆಲುಬು ಮುರಿದವನಿಗೆ ಇದು ತಲೆಕೆಳಗು. ಅವನಿಗೆ ಈಜೇ ಕಡೆಯದು. ತೆರೆದ ಗಾಯವುಳ್ಳವನು ಕೆರೆಯ ನೀರಿಗೆ ಇಳಿಯಕೂಡದು. ಬಾವಿಯಲ್ಲಿಯೂ ಹೊಳೆಯಲ್ಲಿಯೂ ಒಬ್ಬನೇ ಈಜಕೂಡದು.

ಎರಡನೆಯದು: ಅರ್ಧ ತಾಸು ಬೀಸಾಗಿ ನಡೆದರೂ ನೋವಾಗಲಿ ಕುಂಟಾಗಲಿ ಇಲ್ಲದಿದ್ದರೆ ಮಾತ್ರ ಓಟದ ಮಾತು. ಆಗಲೂ ಒಂದು ನಿಮಿಷ ಓಡಿ ನಾಲ್ಕು ನಿಮಿಷ ನಡೆಯಬೇಕು. ಹೀಗೆ ಐದಾರು ಸಾರಿ. ಮರುದಿನ ಓಟವಿಲ್ಲ. ವಾರಗಳು ಕಳೆದಂತೆ ಓಟದ ನಿಮಿಷಗಳನ್ನು ಹೆಚ್ಚಿಸಿ ನಡಿಗೆಯ ನಿಮಿಷಗಳನ್ನು ಕಡಿಮೆ ಮಾಡಬೇಕು.

ಮೂರನೆಯದು: ಒಂದು ಸಾರಿಗೆ ಒಂದನ್ನೇ ಹೆಚ್ಚಿಸಬೇಕು. ದೂರವನ್ನು ಹೆಚ್ಚಿಸಿದ ವಾರದಲ್ಲಿ ವೇಗವನ್ನು ಹೆಚ್ಚಿಸಬಾರದು. ವೇಗವನ್ನು ಹೆಚ್ಚಿಸಿದ ವಾರದಲ್ಲಿ ಗುಡ್ಡವನ್ನು ಏರಬಾರದು.

ನಾಲ್ಕನೆಯದು: ಮರುದಿನದ ಬೆಳಗನ್ನು ನ್ಯಾಯಾಧಿಪತಿಯನ್ನಾಗಿ ಮಾಡಿಕೊಳ್ಳಬೇಕು. ಓಡುವಾಗ ಸ್ವಲ್ಪ ಬಿಗಿಯಾಗಿದ್ದು ಬೆಳಗಾಗುವಷ್ಟರಲ್ಲಿ ಹೋದರೆ ಅದೇ ಅಳತೆಯಲ್ಲಿ ಮುಂದುವರಿಯಬಹುದು. ಬೆಳಿಗ್ಗೆ ಬಾವು ಕಂಡರೆ, ಇಲ್ಲವೆ ನೋವು ನಿನ್ನೆಗಿಂತ ಹೆಚ್ಚಾದರೆ, ನಿನ್ನೆಯ ಅಳತೆಯು ಮಿತಿಮೀರಿತೆಂದು ತಿಳಿದು ಹಿಂದಕ್ಕೆ ಸರಿಯಬೇಕು.

ಐದನೆಯದು: ನೋವನ್ನು ಮುಚ್ಚುವ ಗುಳಿಗೆಯನ್ನು ನುಂಗಿ ಓಡಕೂಡದು. ಕಾವಲಿನ ನಾಯಿಯ ಬಾಯನ್ನು ಕಟ್ಟಿದರೆ ಕಳ್ಳನು ಬಾರದೆ ಹೋಗುವನೋ? ಇಂಥ ಗುಳಿಗೆಗಳಲ್ಲಿ ಕೆಲವು, ಬಿಸಿಲಿನಲ್ಲಿ ಬೆವರಿ ನೀರಾರಿದವನ ಮೂತ್ರಪಿಂಡಗಳಿಗೂ ಕೇಡುಮಾಡುತ್ತವೆ.

ಆರನೆಯದು: ಹೊಟ್ಟೆಗೆ ಸಾಕಷ್ಟು ತಿನ್ನಬೇಕು. ಎಲುಬು ಕಟ್ಟುವದು ಅನ್ನದಿಂದಲೇ. ರಾಗಿ, ಹಾಲು, ಬೇಳೆ, ಶೇಂಗಾ, ತತ್ತಿ ಇವು ದೊರೆತಷ್ಟು ಇರಲಿ. ಅರೆಹೊಟ್ಟೆಯಲ್ಲಿ ಓಡುವವರಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಎಲುಬು ಬಿರುಕುಬಿಡುವದುಂಟು. ಬೀಡಿ ಸೇದುವವನ ಎಲುಬು ಕೂಡುವದು ತಡವಾಗುವದೆಂಬದು ವೈದ್ಯರೆಲ್ಲರೂ ಬಲ್ಲ ಸಂಗತಿ.

೬. ಪಂದ್ಯದ ದಿನ

ಮರಳಿ ಬರುವವನು ಮೊದಲು ಚಿಕ್ಕ ಅಳತೆಯ ಪಂದ್ಯವನ್ನೇ ಆರಿಸಲಿ. ಅನೇಕ ಪಂದ್ಯಗಳಲ್ಲಿ ಮೂವರು ಕೂಡಿ ಒಬ್ಬನು ಈಜುವದಕ್ಕೂ ಒಬ್ಬನು ಸೈಕಲ್ ತುಳಿಯುವದಕ್ಕೂ ಒಬ್ಬನು ಓಡುವದಕ್ಕೂ ಅನುಕೂಲವುಂಟು. ಓಡಲಾರದವನು ಅಲ್ಲಿ ಈಜುಗಾರನಾಗಿ ನಿಲ್ಲಬಹುದು. ನೀರಿನಲ್ಲಿ ಗುಂಪಿನ ಕೈಕಾಲು ಬಡಿಯದಂತೆ ಪಕ್ಕದಲ್ಲಿಯೂ ಹಿಂದೆಯೂ ಹೊರಡಲಿ. ದಣಿದರೆ ರಕ್ಷಕರ ದೋಣಿಯನ್ನು ಹಿಡಿದು ನಿಲ್ಲಬಹುದು; ಅದರ ಸಹಾಯದಿಂದ ಮುಂದಕ್ಕೆ ಹೋಗದಿದ್ದರೆ ಅದು ತಪ್ಪೆಂದು ಎಣಿಸಲ್ಪಡುವದಿಲ್ಲ. ಸೈಕಲಿನಿಂದಿಳಿದವನ ಕಾಲುಗಳು ತನ್ನವುಗಳಲ್ಲವೆಂಬಂತೆ ಭಾರವಾಗಿರುತ್ತವೆ. ಆದದರಿಂದ ಮೊದಲನೆಯ ಕಿಲೋಮೀಟರನ್ನು ಬೇಕೆಂತಲೇ ಮೆಲ್ಲನೆ ಓಡಲಿ.

ಕಡೆಯ ಮಾತು ಇದು. ಮುಂಚಿತವಾಗಿಯೇ, ಮನೆಯಲ್ಲಿ ಶಾಂತನಾಗಿರುವಾಗಲೇ, ಯಾವ ಗುರುತು ಕಂಡರೆ ನಿಲ್ಲುವೆನೆಂಬದನ್ನು ನಿಶ್ಚಯಿಸಿಕೊಂಡಿರಬೇಕು. ಕುಂಟು ಬಂದರೆ ನಿಲ್ಲುವೆನು ಎಂದು ಒಬ್ಬ ಮಿತ್ರನಿಗೆ ಹೇಳಿಟ್ಟಿರಬೇಕು. ಜನರು ಚಪ್ಪಾಳೆ ತಟ್ಟುವಾಗ ಯೋಚಿಸುತ್ತೇನೆಂಬವನು ಯೋಚಿಸಲಾರನು. ಪಂದ್ಯವು ಬರುವ ವರುಷವೂ ಇರುವದು, ಕಾಲಾದರೋ ಇದೊಂದೇ.

೭. ನಮ್ಮ ಊರುಗಳಲ್ಲಿ

ರಾಣೆಬೆನ್ನೂರು, ಬ್ಯಾಡಗಿ ಸೀಮೆಗಳಲ್ಲಿ ಟ್ರಯಥ್ಲಾನಿಗೆ ಹೋಗುವವರು ಕೆಲವರೇ ಇರಬಹುದು. ಆದರೆ ನಸುಕಿನಲ್ಲಿ ಡಾಂಬರು ರಸ್ತೆಯ ಮೇಲೆ ಓಡುವ ಯೌವನಸ್ಥರು ಬಹಳ ಮಂದಿ. ಪೊಲೀಸರ ಮತ್ತು ಸೈನ್ಯದ ಭರ್ತಿಗಾಗಿ ಅವರು ಓಡುತ್ತಾರೆ. ವಯಸ್ಸಿನ ಮಿತಿ ದಾಟೀತೆಂಬ ಭಯದಿಂದ ನೋವನ್ನು ತಂದೆತಾಯಿಗಳಿಗೂ ಹೇಳದೆ ನುಂಗುತ್ತಾರೆ. ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಬೆರಳಿನಿಂದ ಒತ್ತಿದರೆ ಒಂದೇ ಸ್ಥಳದಲ್ಲಿ ಚುಚ್ಚುವ ನೋವಿದ್ದರೆ, ಅದು ರಾತ್ರಿಯಲ್ಲಿಯೂ ಕಾಡಿದರೆ, ಎಲುಬು ಕೂದಲೆಳೆಯಂತೆ ಬಿರುಕುಬಿಟ್ಟಿರಬಹುದು. ಇಂಥ ಬಿರುಕು ಮೊದಲಿನ ವಾರಗಳಲ್ಲಿ ಕ್ಷ-ಕಿರಣದ ಚಿತ್ರದಲ್ಲಿ ಕಾಣದೆ ಹೋಗುವದುಂಟು. ಚಿತ್ರ ಶುದ್ಧವಾಗಿದೆ ಎಂದು ಓಡಿದವನ ಎಲುಬು ಪೂರ್ತಿ ಮುರಿಯಬಹುದು. ಸಮಯದಲ್ಲಿ ತಿಳಿದರೆ ಸಾಮಾನ್ಯವಾಗಿ ಆರೆಂಟು ವಾರ ಓಟವನ್ನು ಬಿಟ್ಟರೆ ಅದು ಕೂಡಿಕೊಳ್ಳುತ್ತದೆ. ಎಂಟು ವಾರಕ್ಕೆ ಹೆದರಿದವನು ಎರಡು ವರುಷ ಕಳಕೊಳ್ಳುತ್ತಾನೆ.

ಎಲುಬು ಮುರಿದಾಗ ಬಿಗಿಯಾಗಿ ಕಟ್ಟಿಸಿಕೊಂಡವರಿಗೂ ಒಂದು ಎಚ್ಚರಿಕೆ. ಕಟ್ಟಿನ ಕೆಳಗಿನ ಬೆರಳುಗಳು ತಣ್ಣಗಾದರೆ, ಕಪ್ಪಿಟ್ಟರೆ, ಜೋಮುಹಿಡಿದರೆ, ಇಲ್ಲವೆ ನೋವು ತಾಸುತಾಸಿಗೆ ಏರುತ್ತಿದ್ದರೆ, ಬೆಳಗಾಗಲೆಂದು ಕಾಯದೆ ಕಟ್ಟನ್ನು ಸಡಿಲಿಸಿ ಆಸ್ಪತ್ರೆಗೆ ಹೋಗಬೇಕು. ರಕ್ತವು ಹರಿಯದ ಕಾಲು ಕೆಲವೇ ತಾಸುಗಳಲ್ಲಿ ಸಾಯುತ್ತದೆ. ಆಮೇಲೆ ಅದನ್ನು ಕಡಿಯುವದೊಂದೇ ಉಪಾಯ.

ಆದರೆ ವಿಶ್ರಮಿಸು ಎಂದು ಹೇಳುವದು ಸುಲಭ. ದಿನಗೂಲಿಯವನು ಒಂದು ದಿನ ಕೂತರೆ ಒಲೆ ಹೊತ್ತದು. ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಕಾಲು ಉಳುಕಿದ ಹೆಣ್ಣುಮಗಳು ಹೊಲಕ್ಕೆ ಹೋಗದಿದ್ದರೆ ಆ ವಾರದ ಸಂತೆಯೇ ಇಲ್ಲ. ಇಂಥವರಿಗೆ ಬರಿಯ ಬುದ್ಧಿವಾದದಿಂದ ಉಪಯೋಗವಿಲ್ಲ. ನಮ್ಮ ಹೊಲಗಳಲ್ಲಿ ಮುಯ್ಯಿ ಎಂಬ ಒಳ್ಳೆಯ ಪದ್ಧತಿಯುಂಟು: ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಬಿತ್ತುವಾಗಲೂ ಕೊಯ್ಯುವಾಗಲೂ ನಡಿಸುವ ಈ ಮುಯ್ಯಿಯನ್ನು ಕಾಲು ಮುರಿದವನ ಮನೆಗೂ ಸಲ್ಲಿಸಿದರೆ, ಅವನು ವೈದ್ಯನು ಹೇಳಿದಷ್ಟು ದಿನ ಕೂತಾನು. ಟ್ರಯಥ್ಲಾನಿನಲ್ಲಿ ಮೂವರು ಕೂಡಿ ಒಂದು ಪಂದ್ಯವನ್ನು ಮುಗಿಸುವಂತೆ, ಒಬ್ಬನ ಓಟವನ್ನು ನೆರೆಯವರು ಕೆಲವು ವಾರ ಓಡಿದರೆ, ಅವನು ತನ್ನ ಪಾಲನ್ನು ಮುಂದೆ ತಾನೇ ಓಡುವನು. ಈ ತಿಂಗಳಲ್ಲಿ ನಿಮ್ಮ ಓಣಿಯಲ್ಲಿ ಕಾಲು ಕಟ್ಟಿಸಿಕೊಂಡು ಕೂತವರು ಯಾರೆಂದು ವಿಚಾರಿಸಿರಿ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

೧. ನೋವು ನಿಲ್ಲುವದಕ್ಕೂ ಬಲ ಬರುವದಕ್ಕೂ ಇರುವ ಭೇದವೇನು?

೨. ಈಜಿನಿಂದಲೂ ಸೈಕಲಿನಿಂದಲೂ ಗಾಯಪಟ್ಟವನಿಗೆ ಬರುವ ಲಾಭವೇನು, ಅಪಾಯವೇನು?

೩. ಮರುದಿನದ ಬೆಳಗು ನ್ಯಾಯಾಧಿಪತಿಯು ಹೇಗೆ?

೪. ಬಿಗಿಯಾದ ಕಟ್ಟನ್ನು ಯಾವ ಗುರುತುಗಳನ್ನು ಕಂಡಾಗ ಸಡಿಲಿಸಬೇಕು?

೫. ನಿಮ್ಮ ಊರಿನಲ್ಲಿ ಗಾಯಪಟ್ಟವನ ಕೆಲಸಕ್ಕೆ ಮುಯ್ಯಿ ಮಾಡುವದಕ್ಕೆ ಯಾರು ಯಾರು ಕೂಡಬಹುದು?